ಸಿಟ್ಟು ಯಾರ ಮೇಲೆ?

1992ರ ಏಪ್ರಿಲ್ 29. ಅಮೆರಿಕದ ಲಾಸ್ ಏಂಜಲೀಸ್ ಹೊತ್ತಿಕೊಂಡಿತು. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸರು ಬಡಿದದ್ದನ್ನು ವಿಡಿಯೋದಲ್ಲಿ ಲೋಕವೇ ನೋಡಿತ್ತು. ಆದರೂ ಅವತ್ತು ಆ ಪೊಲೀಸರಿಗೆ ಶಿಕ್ಷೆಯಾಗಲಿಲ್ಲ. ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಅದೇ ಡಿಸೆಂಬರಿನಲ್ಲಿ, ಪಕ್ಕದ ಕಾಂಪ್ಟನ್ನಿನ ಡಾ. ಡ್ರೆ ತನ್ನ ಮೊದಲ ಸ್ವಂತ ಆಲ್ಬಂ 'ದಿ ಕ್ರಾನಿಕ್' ತಂದ. ಈ ಡಾಕ್ಟರು ವೈದ್ಯನಲ್ಲ, ಹಿಪ್ ಹಾಪ್ ಸಂಗೀತ ಕಟ್ಟುವ ನಿರ್ಮಾಪಕ.

ಅದನ್ನು ಕಟ್ಟಿಕೊಂಡು ನಮಗೇನಾಗಬೇಕು ಅಂತ ಕೆಲವರು ಕೇಳಬಹುದು. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರು ತಗೊಂಡದ್ದೇ ಅಲ್ಲಿಯ ಕಪ್ಪು ಜನರಿಂದ. ನಂಟಿದೆ. ನಂಟಿರುವವರು ಹೊಗಳಿ ಸುಮ್ಮನಾಗಬಾರದು, ತಪ್ಪನ್ನೂ ಕೇಳಬೇಕು.

ಮೊದಲು ಒಳ್ಳೆಯದನ್ನು ಹೇಳೋಣ. ಜಾರ್ಜ್ ಕ್ಲಿಂಟನ್ ತಂಡದಂಥವರ 1970ರ ದಶಕದ ಫಂಕ್ ಸಂಗೀತ ಇದರ ತಳಪಾಯ. ಹಳೆಯ ರಾಗಗಳನ್ನು ಡ್ರೆ ಹಲವು ಕಡೆ ವಾದ್ಯಗಾರರಿಂದ ಹೊಸದಾಗಿ ನುಡಿಸಿದ. ಕೆಳಗೆ ನಿಧಾನವಾಗಿ ನಡೆಯುವ ಬೇಸ್, ಮೇಲೆ ಸಿಳ್ಳೆಯಂಥ ಸಿಂಥಸೈಜರ್. ಅಪ್ಪಂದಿರು ಕೇಳಿದ ಸಂಗೀತದ ಮೇಲೆ ಮಕ್ಕಳ ಮಾತು.

ಆ ಮಾತು ಬಹುಪಾಲು ಅತಿಥಿಗಳದು. 21 ವರ್ಷದ ಸ್ನೂಪ್ ಉದ್ದಕ್ಕೂ ಇದ್ದಾನೆ. 'ಸ್ಟ್ರ್ಯಾಂಡೆಡ್ ಆನ್ ಡೆತ್ ರೋ' ಹಾಡಿನಲ್ಲಂತೂ ಡ್ರೆ ರ‍್ಯಾಪ್ ಮಾಡುವುದೇ ಇಲ್ಲ. ಕುರಪ್ಟ್, ಆರ್‌ಬಿಎಕ್ಸ್, ಸ್ನೂಪ್ ಸರದಿಯಲ್ಲಿ ಬರುತ್ತಾರೆ. ಲೇಡಿ ಆಫ್ ರೇಜ್ ಎಂಬ ಹೆಣ್ಣುಮಗಳು ಅವರ ಸಮಕ್ಕೆ ನಿಂತು ಗುಡುಗುತ್ತಾಳೆ. ದನಿ ಹಲವರದು, ರಕ್ಷಾಪುಟದ ಮೇಲೆ ಮುಖ ಒಬ್ಬನದು. ಮೇಸ್ತ್ರಿಯ ಹೆಸರಿನಲ್ಲಿ ಕಟ್ಟಡ ಏಳುವ ಹಾಗೆ. ಆದರೆ ಈ ದನಿಗಳನ್ನು ದೂರದೂರಕ್ಕೆ ಮುಟ್ಟಿಸಿದವನೂ ಅವನೇ, ಅದನ್ನು ಒಪ್ಪಬೇಕು.

ಈಗ ಮುಖ್ಯ ಪ್ರಶ್ನೆ. ಒಂದು ಹಾಡಿನಲ್ಲಿ ಗಲಭೆಯ ಬೀದಿಯ ದನಿಗಳೇ ಕೇಳುತ್ತವೆ. 'ಲಿಲ್ ಘೆಟ್ಟೊ ಬಾಯ್'ನಲ್ಲಿ, ಡಾನಿ ಹ್ಯಾಥವೇ 1972ರಲ್ಲಿ ಹಾಡಿದ್ದನ್ನು ಹಿನ್ನೆಲೆಗಿಟ್ಟು, ಜೈಲಿಗೂ ಬೀದಿಗೂ ನಡುವೆ ಸವೆಯುವ ಹುಡುಗನ ಕತೆಯಿದೆ. ಇವು ನೋವು ಬಲ್ಲ ಹಾಡುಗಳು. ಉಳಿದಲ್ಲಿ ಆ ಸಿಟ್ಟು ಎಲ್ಲಿ ಹೋಯ್ತು? ಹಳೆಯ ಜೊತೆಗಾರ ಈಜಿ-ಇಯ ಮೇಲೆ ಬಿತ್ತು, ಹೆಂಗಸರ ಮೇಲೆ ಬಿತ್ತು. ಹೆಣ್ಣನ್ನು ಹೀನಾಯವಾಗಿ ಬಯ್ಯುವುದು ಇಲ್ಲಿ ಉಸಿರಾಡಿದಷ್ಟು ಸಲೀಸು. ಬರೀ ಮಾತಲ್ಲ. 1991ರ ಜನವರಿಯಲ್ಲಿ ಡ್ರೆ, ಡೀ ಬಾರ್ನ್ಸ್ ಎಂಬ ಕಪ್ಪು ಪತ್ರಕರ್ತೆಯ ಮೇಲೆ ಕೈಮಾಡಿದ್ದ. ತಾನು ನೋಯಿಸಿದ ಹೆಂಗಸರ ಕ್ಷಮೆಯನ್ನು ಬಹಿರಂಗವಾಗಿ ಕೇಳಿದ್ದು 2015ರಲ್ಲಿ.

ಡ್ರೆ ಇದ್ದ ಎನ್.ಡಬ್ಲ್ಯು.ಎ. ತಂಡ ಪೊಲೀಸರನ್ನು ಬೈದು ಹಾಡಿದ್ದಕ್ಕೆ 1989ರಲ್ಲಿ ಎಫ್.ಬಿ.ಐ. ಅಧಿಕಾರಿಯೊಬ್ಬ ಅವರ ಕಂಪನಿಗೆ ಕಾಗದ ಬರೆದಿದ್ದ. ಹೆಣ್ಣನ್ನು ಬೈದರೆ ಪ್ರಭುತ್ವಕ್ಕೇನು ನೋವು? 'ದಿ ಕ್ರಾನಿಕ್' 1993 ಮುಗಿಯುವುದರೊಳಗೆ ಅಮೆರಿಕದಲ್ಲಿ 30 ಲಕ್ಷದ ಲೆಕ್ಕ ಮುಟ್ಟಿತು. ಮೇಲಕ್ಕೆ ಹಾರುವ ಸಿಟ್ಟಿಗೆ ಅಧಿಕಾರ ಹೆದರುತ್ತದೆ. ಕೆಳಕ್ಕೆ ಬೀಳುವ ಸಿಟ್ಟನ್ನು ಪೇಟೆ ಕಾಸು ಕೊಟ್ಟು ಕೊಳ್ಳುತ್ತದೆ.

ಅಮೆರಿಕದವರನ್ನು ಜರೆದು ನಾವು ಕೈತೊಳೆದುಕೊಳ್ಳುವಂತಿಲ್ಲ. ಸಮುದಾಯದ ಮುನ್ನಡೆಯನ್ನು ಅದರ ಹೆಂಗಸರ ಮುನ್ನಡೆಯಿಂದ ಅಳೆಯುತ್ತೇನೆಂದು ಬಾಬಾಸಾಹೇಬರು 1942ರಲ್ಲೇ ನಾಗಪುರದಲ್ಲಿ ಹೇಳಿದ್ದರು. ಧಣಿಯನ್ನು ಬಯ್ಯುವಾಗ ಅವನ ತಾಯಿಯನ್ನೋ ಹೆಂಡತಿಯನ್ನೋ ಎಳೆದು ತರುವ ನಾಲಿಗೆ ನಮ್ಮಲ್ಲಿಲ್ಲವೆ? ಸಭೆಯಲ್ಲಿ ತಮಟೆ ಬಡಿದು ಹಾಡಿ, ಮನೆಗೆ ಹೋಗಿ ಹೆಂಡತಿಗೆ ಹೊಡೆಯೋನ ಹಾಡು ಎಂಥ ಬಂಡಾಯ?

ಕೇರಿಯಲ್ಲಿ ಹುಟ್ಟಿದ ಸಿಟ್ಟು ಕೇರಿಯ ಹೆಣ್ಣಿನ ಮೇಲೇ ಬಿದ್ದರೆ, ಗೆದ್ದವನು ಒಡೆಯ.