ಗ್ರಹಾಂತರ ಧೂಳಿಯೂ ಕನ್ನಡದ ವಿಭಕ್ತಿಯೂ

ಗ್ರಹಗಳ ನಡುವಣ ಎಡೆಯನ್ನು ವರ್ಣಿಸುವಾಗ ಕನ್ನಡದ ವಿಜ್ಞಾನಲೇಖನಗಳು ಹಲವೆಡೆ ‘ಶೂನ್ಯ’ವೆಂಬ ಶಬ್ದಕ್ಕೆ ಮೊರೆಹೋಗಿವೆ. ಶಬ್ದವು ಗಂಭೀರವಾದುದು, ಅರ್ಥವು ಮಾತ್ರ ಸಲ್ಲದು. ಧೂಮಕೇತುಗಳು ಉದುರಿಸಿದ, ಕ್ಷುದ್ರಗ್ರಹಗಳು ಒಂದಕ್ಕೊಂದು ತಾಗಿ ನುರಿದ ಹುಡಿಯು ಅಲ್ಲಿ ಸೂರ್ಯನ ಸುತ್ತ ಚಪ್ಪಟೆಯಾದ ಮೋಡದಂತೆ ಹರಡಿಕೊಂಡಿರುವುದು. ಅದನ್ನು ಕಾಣಲು ಯಂತ್ರವೇ ಬೇಕೆಂದಿಲ್ಲ. ಧಾರವಾಡದ ಮಗ್ಗುಲಿನ ಅಮ್ಮಿನಬಾವಿಯ ಎರೆಹೊಲಗಳಂತಹ ತೆರೆದ ಬಯಲಿನಲ್ಲಿ, ಊರದೀಪಗಳು ಅಡ್ಡಬಾರದಿದ್ದರೆ, ಫೆಬ್ರವರಿ, ಮಾರ್ಚಿ ತಿಂಗಳುಗಳ ಚಂದ್ರನಿಲ್ಲದ ಇರುಳು ಮೊದಲಾಗುವಾಗ ಪಡುವಣದಿಂದ ರಾಶಿಚಕ್ರದ ಗುಂಟ ಮೇಲೇರುವ ಮಬ್ಬುಬೆಳಕು ಆ ಧೂಳಿಯಿಂದ ಚದರಿದ ಬಿಸಿಲೇ ಆಗಿದೆ. 1683ರಲ್ಲಿಯೇ ಕಾಸಿನಿಯು ಅದನ್ನು ಅಭ್ಯಸಿಸಿದ್ದನು. ವೇದಭಾಷೆಯಲ್ಲಿ ನಡುವಣ ಆಕಾಶಕ್ಕೆ ಸಲ್ಲುತ್ತಿದ್ದ ‘ರಜಸ್’ ಎಂಬ ಶಬ್ದವು ಮುಂದೆ ಧೂಳಿಗೆ ಹೆಸರಾದುದು ಆಕಸ್ಮಿಕವಾದರೂ ಸೊಗಸಾದ ಸಂಗತಿ.

ಇದಕ್ಕಿಂತ ಹೆಚ್ಚಿನ ದೋಷವು ಷಷ್ಠೀವಿಭಕ್ತಿಯದು. 2014ರಲ್ಲಿ ಮಂಗಳವನ್ನು ಸೇರಿದ ಅಮೆರಿಕದ ‘ಮೇವನ್’ ನೌಕೆಯು ಆ ಗ್ರಹದ ಮೇಲೆ ಸುಮಾರು 150ರಿಂದ 1000 ಕಿಲೋಮೀಟರು ಎತ್ತರದಲ್ಲಿ ಧೂಳಿಯನ್ನು ಗುರುತಿಸಿತು. ಇದನ್ನು ‘ಮಂಗಳದ ಧೂಳು’ ಎಂದು ಬರೆದುಬಿಡುವುದು ಸುಲಭ. ಆದರೆ ಆ ಎತ್ತರಕ್ಕೆ ನೆಲದ ಧೂಳನ್ನು ಎತ್ತಬಲ್ಲ ಗಾಳಿ ಮಂಗಳದಲ್ಲಿಲ್ಲ. ಫೋಬೋಸ್, ಡೀಮೋಸ್ ಎಂಬ ಉಪಗ್ರಹಗಳಿಂದ ಅಷ್ಟು ಧೂಳು ಬರುವುದೂ ಸಂಭವವಲ್ಲವೆಂದು ಶೋಧಕರು ಕಂಡರು. ಉಳಿದುದು ಒಂದೇ ಮೂಲ: ಗ್ರಹಾಂತರ. ಹೀಗೆ ವಿಜ್ಞಾನಿಗಳು ಶ್ರಮಪಟ್ಟು ಬಿಡಿಸಿದ ಗಂಟನ್ನು ‘ಮಂಗಳದ’ ಎಂಬ ಒಂದು ಪ್ರತ್ಯಯವು ಮತ್ತೆ ಬಿಗಿಯುವುದು. ‘ಮಂಗಳದ ಸುತ್ತಣ ಗ್ರಹಾಂತರ ಧೂಳು’ ಎಂಬುದು ಉದ್ದವಾಯಿತು, ನಿಜ, ಸುಳ್ಳಾಗಲಿಲ್ಲ.

ಬೆಳ್ಳಾವೆ ವೆಂಕಟನಾರಣಪ್ಪನವರ ಮುಂದಾಳ್ತನದಲ್ಲಿ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಟಂದಿನಿಂದ ಪರಿಭಾಷೆಯ ವಿಚಾರ ಕನ್ನಡದಲ್ಲಿ ನಡೆದುಬಂದಿದೆ. ಅದರಲ್ಲಿ ನಾಮಪದಕ್ಕೆ ದೊರೆತ ಆದರ ಕ್ರಿಯಾಪದಕ್ಕೆ ದೊರೆತಿಲ್ಲ. ಸೂರ್ಯಕಿರಣದ ಒತ್ತಡವು ಅತಿಸೂಕ್ಷ್ಮ ಕಣಗಳನ್ನು ಹೊರಕ್ಕೆ ತಳ್ಳುವುದು. ಅವಕ್ಕಿಂತ ತುಸು ದಪ್ಪನೆಯವು ಅದೇ ಬೆಳಕಿನ ತಡೆಯಿಂದ ವೇಗಗುಂದಿ, ಸುತ್ತುತ್ತ ಸುತ್ತುತ್ತ ಸೂರ್ಯನತ್ತ ಇಳಿಯುವುವು. ‘ವಿಕಿರಣ ಒತ್ತಡದಿಂದ ಕಣಗಳ ವಿಂಗಡಣೆಯಾಗುತ್ತದೆ’ ಎಂದು ಬರೆದರೆ ತಪ್ಪಿಲ್ಲ, ಕಣ್ಣಿಗೆ ಕಟ್ಟುವುದೂ ಇಲ್ಲ. ಸುಗ್ಗಿಯ ಕಣ ಕಂಡ ರೈತನಿಗೆ ‘ಬೆಳಕು ಧೂಳನ್ನು ತೂರುತ್ತದೆ’ ಎಂದರೆ ಸಾಕು: ಹೊಟ್ಟು ಹಾರಿತು, ಕಾಳು ಬಿದ್ದಿತು. ಹೋಲಿಕೆಗೆ ಒಂದು ಮಿತಿಯುಂಟು. ರಾಶಿಯ ಕಾಳು ಕ್ಷಣದಲ್ಲಿ ನೆಲ ಮುಟ್ಟುವುದು. ಭೂಮಿಯ ದೂರದಿಂದ ಹೊರಟ ಧೂಳಿಯ ಕಣವು ಸೂರ್ಯನನ್ನು ಸೇರಲು ಸಾವಿರಾರು ವರ್ಷಗಳನ್ನು ತೆಗೆದುಕೊಳ್ಳುವುದು.