ತಡವಾಗಿ ಬಂದವರಲ್ಲ

ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ "ಬರೆಯೋ ಆಸೆ ಇದೆ ಕಣ್ರೀ, ಮಕ್ಕಳ ಮದುವೆ ಮುಗೀಲಿ" ಎಂದರೆ ಸಾಕು, ಇನ್ನೊಬ್ಬರು ಎಂ. ಕೆ. ಇಂದಿರಾ ಅವರ ಹೆಸರೆತ್ತುತ್ತಾರೆ. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಅವರಿಗೆ ಆಗಿನ್ನೂ ತಡವಾಗಿರಲಿಲ್ಲ, ನಮಗೇಕೆ ಅವಸರ? ನಾನೂ ಈ ಸಮಾಧಾನವನ್ನು ಬಹಳ ವರ್ಷ ಹೇಳಿಕೊಂಡವಳೇ. ಮೊನ್ನೆ ಅವರ 'ಫಣಿಯಮ್ಮ' (1976) ಮತ್ತೆ ಓದಿದಾಗ ಅದು ಪೊಳ್ಳೆನಿಸಿತು.

ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ಊರವರ ಹೆರಿಗೆಗಳಲ್ಲಿ ನೆರವಾಗುತ್ತಾ ಬಾಳು ಸವೆಸಿದವಳು. ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರ ನಿಲ್ಲುವಾಗಲೂ ಅವಳ ದನಿ ಏರುವುದಿಲ್ಲ. ಇದು ಕಟ್ಟುಕಥೆಯಲ್ಲ. ಫಣಿಯಮ್ಮ ಲೇಖಕಿಯ ಬಂಧು. ಅವಳ ಕಥೆಯನ್ನು ಇಂದಿರಾ ಕೇಳಿದ್ದು ತಮ್ಮ ತಾಯಿಯಿಂದ. ಮಡಿಯ ಕಟ್ಟುಪಾಡು, ಅಡುಗೆಮನೆಯ ಪಿಸುಮಾತು, ಬಾಣಂತಿ ಕೋಣೆಯ ಕತ್ತಲೆ, ಮಲೆನಾಡಿನ ಮಾತಿನ ವರಸೆ, ಇವೆಲ್ಲ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕೂತು ಕಲಿಯುವಂಥವಲ್ಲ. ಒಲೆಯ ಮುಂದಿದ್ದಾಗಲೂ ಅವರ ಕಿವಿ ಕೆಲಸ ಮಾಡುತ್ತಿತ್ತು. ನಾವು ಖಾಲಿ ಎಂದುಕೊಂಡ ವರ್ಷಗಳು ಅವು.

ಒಂದು ತಕರಾರೂ ಇದೆ. ಬರೆಯತೊಡಗಿದ ಮೇಲೆ ಅವರು ಬಹಳ ಬರೆದರು, ಎಲ್ಲವೂ ಈ ಎತ್ತರದ್ದಲ್ಲ. ಇಲ್ಲಿಯೂ ಫಣಿಯಮ್ಮನ ಸಿಟ್ಟು ನನಗೆ ಸಿಗಲಿಲ್ಲ. ಅಷ್ಟು ಕಂಡವಳಿಗೆ ಒಮ್ಮೆಯೂ ಹೊಟ್ಟೆ ಉರಿಯಲಿಲ್ಲವೇ? ದೇವತೆ ಮಾಡಿಬಿಟ್ಟರೇನೋ. ಇಂಥ ತಕರಾರು ತೆಗೆಯಲಿಕ್ಕಾದರೂ ಅವರು ಬರೆದಿಟ್ಟಿದ್ದಾರಲ್ಲ!

ನಿವೃತ್ತಿಗೆಂದು ಎತ್ತಿಟ್ಟ ನನ್ನ ನೋಟ್‌ಬುಕ್ಕನ್ನು ಅಂದು ರಾತ್ರಿ ಬೀರುವಿನಿಂದ ತೆಗೆದೆ. ಎರಡು ಪುಟ ಕಥೆಯಿತ್ತು. ಮೂರನೆಯದರಿಂದ ಹಾಲಿನ ಲೆಕ್ಕ.