ಒಂಟಿ ಅಂಬಿಗನ ಗ್ರಂಥ

ಸಮುದ್ರಯಾನದ ಕಥೆಯೆಂದೊಡನೆ ಕಡಲ್ಗಳ್ಳರೂ ಹೂಳಿಟ್ಟ ನಿಧಿಯೂ ನಮ್ಮ ವಿದ್ಯಾರ್ಥಿಗಳ ಕಣ್ಮುಂದೆ ಬಂದು ನಿಲ್ಲುತ್ತವೆ. ಜೋಶುವಾ ಸ್ಲೋಕಮ್ ಬರೆದ 'ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್' ಎಂಬ ಇಂಗ್ಲಿಷ್ ಗ್ರಂಥವನ್ನು ಕೈಗೆತ್ತಿಕೊಂಡಾಗ ನಮ್ಮ ನಿರೀಕ್ಷೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ನಿಘಂಟನ್ನು ಮಗ್ಗುಲಲ್ಲಿರಿಸಿಕೊಂಡು ಓದಬೇಕಾದ ನಮ್ಮಂಥವರಿಗೆ ಹಾಯಿಹಗ್ಗಗಳ ಹೆಸರುಗಳೇ ಒಂದು ಬಿರುಗಾಳಿ. ಆದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ನಿಂತುವು ಒಂದು ಬಾಚಿ ಮತ್ತು ಒಂದು ತಗಡಿನ ಗಡಿಯಾರ; ಅವುಗಳೊಡನೆ, ಗಂಟಲಲ್ಲಿ ಸಿಕ್ಕಿಕೊಂಡಂತೆ, ಒಂದು ಹಿಡಿ ಮೊಳೆ.

ಸ್ಲೋಕಮ್ ೧೮೪೪ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದವನು. ಹತ್ತು ವರ್ಷದ ಆಸುಪಾಸಿನಲ್ಲೇ ಶಾಲೆ ಬಿಟ್ಟು, ತಂದೆಯ ಬೂಟಿನ ಅಂಗಡಿಯಲ್ಲಿ ದುಡಿದು, ಅಲ್ಲಿಂದ ಕಡಲಿಗೆ ಓಡಿಹೋದವನು. ಹಾಯಿಹಡಗುಗಳ ಕಪ್ತಾನನಾಗಿ ಮೇಲೇರಿದ ಆತನನ್ನು ಉಗಿಹಡಗುಗಳ ಕಾಲವು ದಡಕ್ಕೆಸೆಯಿತು. ೧೮೯೨ರಲ್ಲಿ ಹಳೆಯ ಪರಿಚಯದ ಕಪ್ತಾನನೊಬ್ಬನು ಅವನಿಗೊಂದು ಹಡಗನ್ನು ಕೊಡುವೆನೆಂದನು. ಹೋಗಿ ನೋಡಿದರೆ, ಮ್ಯಾಸಚೂಸೆಟ್ಸ್ ಪ್ರಾಂತದ ಫೇರ್‌ಹೇವನ್ನಿನಲ್ಲಿ, ಹೊಲವೊಂದರ ನಡುವೆ ನಿಂತಿದ್ದ ಜೀರ್ಣವಾದ ದೋಣಿ! ಅದೇ 'ಸ್ಪ್ರೇ'. ಸ್ಲೋಕಮ್ ಬಳಿಯ ಓಕ್ ಮರವನ್ನು ಕಡಿದು ಅಡಿಮರವನ್ನು ಕೆತ್ತಿದನು. ಹದಿಮೂರು ತಿಂಗಳ ದುಡಿಮೆ ಮತ್ತು ೫೫೩ ಡಾಲರ್ ೬೨ ಸೆಂಟುಗಳ ವೆಚ್ಚದಲ್ಲಿ ಆ ೩೬ ಅಡಿ ೯ ಅಂಗುಲದ ನೌಕೆಯನ್ನು ಹೊಸದಾಗಿ ಕಟ್ಟಿದನು. ೧೮೯೫ರ ಏಪ್ರಿಲ್ ೨೪ರಂದು ಬೋಸ್ಟನ್ನಿನಿಂದ ಹೊರಟವನು ೧೮೯೮ರ ಜೂನ್ ೨೭ರಂದು ನ್ಯೂಪೋರ್ಟಿಗೆ ಮರಳಿದನು. ೪೬,೦೦೦ ಮೈಲಿಗೂ ಮಿಕ್ಕಿದ ದಾರಿ. ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿಬಂದ ನಾವಿಕರಲ್ಲಿ ಆತನೇ ಮೊದಲಿಗ. ಗ್ರಂಥವು ೧೯೦೦ರಲ್ಲಿ ಪ್ರಕಟವಾಯಿತು.

ದೋಣಿ ಕಟ್ಟುವ ಅಧ್ಯಾಯವನ್ನು ಹಲವರು ಬೇಗ ದಾಟಿ ಮುಂದೆ ಹೋಗುವರೆಂದು ತೋರುತ್ತದೆ. ನಮಗಾದರೋ ಅದೇ ಗ್ರಂಥದ ತಾಯಿಬೇರು. ಹಲಗೆ ಹಲಗೆಯ ಲೆಕ್ಕವೂ ಅಲ್ಲಿದೆ. ಬಂದು ನಿಂತು ನೋಡುವ ಊರಿನವರು ಇದರಿಂದ ಲಾಭವುಂಟೇ ಎಂದು ಕೇಳುತ್ತಲೇ ಇರುತ್ತಾರೆ. ನಮ್ಮ ಕಡಲ ಕರೆಯಲ್ಲಿ ಮಂಜಿ ಕಟ್ಟುತ್ತಿದ್ದ ಆಚಾರಿಗಳು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಅವರು ಬಳಸುತ್ತಿದ್ದ ಮಾತುಗಳನ್ನು ನಾವು ಬರೆದಿಟ್ಟುಕೊಳ್ಳಲಿಲ್ಲವಲ್ಲ ಎಂಬ ವ್ಯಥೆ ಓದುವಾಗ ಒಂದೆರಡು ಬಾರಿ ನಮ್ಮನ್ನು ಕಾಡಿತು.

ಇನ್ನು ಗಡಿಯಾರ. ತನ್ನ ಹಳೆಯ ನೌಕಾಗಡಿಯಾರವನ್ನು ಸರಿಪಡಿಸಲು ಹದಿನೈದು ಡಾಲರ್ ತಗಲುವುದೆಂದು ಅದನ್ನು ಮನೆಯಲ್ಲೇ ಬಿಟ್ಟು, ಯಾರ್‌ಮತ್ ಎಂಬ ಊರಿನಲ್ಲಿ ಆತನು ಒಂದು ತಗಡಿನ ಗಡಿಯಾರವನ್ನು ಕೊಂಡನು. ಹೇಳಿದ ಬೆಲೆ ಒಂದೂವರೆ ಡಾಲರ್. ಮುಖ ಒಡೆದಿದ್ದುದರಿಂದ ಒಂದಕ್ಕೇ ದೊರಕಿತು. ಮುಂದೆ ಅದರ ನಿಮಿಷದ ಮುಳ್ಳೂ ಹೋಯಿತು. ನೀರಿನಲ್ಲಿ ಕುದಿಸಿದ ಮೇಲೆ ಗಂಟೆಯನ್ನಾದರೂ ತೋರಿಸಿತಂತೆ! ಈ ವಿನೋದದ ಹಿಂದೆ ಗಟ್ಟಿಯಾದ ವಿದ್ಯೆಯಿದೆ. ಹ್ವಾನ್ ಫರ್ನಾಂಡೆಸ್ ದ್ವೀಪವನ್ನು ಬಿಟ್ಟು ೪೩ ದಿನಗಳಾದಾಗ, ಚಂದ್ರನಿಗೂ ಸೂರ್ಯನಿಗೂ ನಡುವಣ ಕೋನವನ್ನಳೆದು ಆತನು ರೇಖಾಂಶವನ್ನು ಗಣಿಸಿದನು. ಮೊದಲ ಉತ್ತರವು ನೂರಾರು ಮೈಲಿ ತಪ್ಪಿತು. ತನ್ನ ಅಳತೆಯನ್ನು ಮತ್ತೆ ಪರೀಕ್ಷಿಸಿ, ಕೊನೆಗೆ ಅಚ್ಚಾದ ಲಾಗರಿದಮ್ ಕೋಷ್ಟಕದಲ್ಲಿಯೇ ಒಂದು ದೋಷವಿರುವುದನ್ನು ಪತ್ತೆಮಾಡಿದನು. ಅದನ್ನು ತಿದ್ದಿದೊಡನೆ ಲೆಕ್ಕ ಕೂಡಿತು. ಮೂರನೆಯ ತರಗತಿಯಷ್ಟೇ ಓದಿದವನೊಬ್ಬನು ನಡುಗಡಲಿನಲ್ಲಿ ಒಬ್ಬನೇ ಕುಳಿತು ಅಚ್ಚಾದ ಪುಸ್ತಕವನ್ನು ತಿದ್ದಿದ ಈ ಪುಟಕ್ಕೆ ಸಮನಾದ ಸಾಹಸವನ್ನು ನಾವು ಇಡೀ ಗ್ರಂಥದಲ್ಲಿ ಕಾಣೆವು. ಪಠ್ಯಪುಸ್ತಕವನ್ನು ವೇದವೆಂದೆಣಿಸುವ ನಮ್ಮ ವೃತ್ತಿಬಾಂಧವರು ಇದನ್ನು ಎರಡು ಬಾರಿ ಓದಬೇಕೆಂದು ನಮ್ಮ ವಿನಂತಿ.

ಸ್ಲೋಕಮನ ಶೈಲಿ ಮಿತವಾದುದು; ಕೆಲವೆಡೆ ಮಿತಿಮೀರಿ ಮಿತವಾದುದು. ಅವನ ಮೊದಲ ಪತ್ನಿ ವರ್ಜೀನಿಯಾ ಹಡಗಿನಲ್ಲಿಯೇ ಅವನೊಡನೆ ಸಂಸಾರ ಮಾಡಿದವಳು. ೧೮೮೪ರಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ತೀರಿಕೊಂಡಳು. ಈ ಯಾನದಲ್ಲಿ ಅದೇ ಊರಿಗೆ ಮರಳಿದಾಗ ಆತನು ಹಳೆಯ ಪರಿಚಿತರನ್ನೂ ಅಂಗಡಿಗಳನ್ನೂ ವರ್ಣಿಸುತ್ತಾನೆಯೇ ಹೊರತು ಅವಳ ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಇದನ್ನು ಕಲೆಯ ಸಂಯಮವೆನ್ನುವವರುಂಟು. ನಮಗೆ ಅದು ಬೀಗ ಹಾಕಿದ ಕೋಣೆಯಂತೆ ಕಂಡಿತು. ಅಟ್ಲಾಂಟಿಕ್ ಸಾಗರದ ಮೊದಲ ದಿನಗಳಲ್ಲಿ, ಆಡದಿದ್ದರೆ ಮಾತೇ ಮರೆತುಹೋದೀತೆಂಬ ಭಯದಿಂದ, ಇಲ್ಲದ ಖಲಾಸಿಗಳಿಗೆ ಗಟ್ಟಿಯಾಗಿ ಅಪ್ಪಣೆ ಕೊಡುತ್ತಿದ್ದನೆಂದು ಆತನೇ ಬರೆದಿದ್ದಾನೆ. ಬರಿದಾದ ಕಡಲಿನಲ್ಲಿ ತನ್ನ ದನಿಯು ತನಗೇ ಟೊಳ್ಳಾಗಿ ಕೇಳಲು ಆ ಅಭ್ಯಾಸವನ್ನು ಬಿಟ್ಟನಂತೆ. ವರ್ಷದಿಂದ ವರ್ಷಕ್ಕೆ ಕನ್ನಡ ತರಗತಿಯ ಹಾಜರಿ ಪುಸ್ತಕವು ತೆಳುವಾಗುವುದನ್ನು ಕಂಡಿರುವ ಗಡಿನಾಡಿನ ಅಧ್ಯಾಪಕರಿಗೆ ಈ ಸಾಲುಗಳನ್ನು ನಾವು ವಿವರಿಸಬೇಕಾಗಿಲ್ಲ.

ಇಷ್ಟು ಮೆಚ್ಚಿದ ಮೇಲೆ ಮೊಳೆಗಳ ಪ್ರಸಂಗಕ್ಕೆ ಬರಲೇಬೇಕು. ಗ್ರಂಥದಲ್ಲಿ ಎಲ್ಲರೂ ನೆನೆಯುವುದು ಇದನ್ನೇ. ಮೆಗೆಲನ್ ಜಲಸಂಧಿಯ ಪುಂಟಾ ಅರೇನಾಸ್ ಎಂಬಲ್ಲಿ ಹಿತೈಷಿಯೊಬ್ಬನು ಸ್ಲೋಕಮನಿಗೆ ಒಂದು ಚೀಲ ಜಮಖಾನೆಯ ಮೊಳೆಗಳನ್ನು ಕೊಟ್ಟನು. ರಾತ್ರಿ ಅವನ್ನು ಅಟ್ಟದ ಮೇಲೆ ಹರಡಿ ಆತನು ಒಳಗೆ ಮಲಗಿದನು. ನಡುರಾತ್ರಿಯಲ್ಲಿ ಹತ್ತಿಬಂದ ಮೂಲನಿವಾಸಿಗಳು ಬರಿಗಾಲಿನಲ್ಲಿ ಮೊಳೆಗಳನ್ನು ಮೆಟ್ಟಿ, ಅರಚುತ್ತ ತಮ್ಮ ದೋಣಿಗಳಿಗೂ ನೀರಿಗೂ ಹಾರಿದರು. ಆ ಅರಚಾಟವನ್ನು ಸ್ಲೋಕಮ್ ಬೇಟೆನಾಯಿಗಳ ಹಿಂಡಿನ ಊಳಿಗೆ ಹೋಲಿಸುತ್ತಾನೆ. ಒಂಟಿಯಾಗಿ ನಿದ್ರಿಸುವವನು ಪ್ರಾಣ ಕಾಪಾಡಿಕೊಂಡುದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪವಿರುವುದು ಆ ಹೋಲಿಕೆಯ ಬಗ್ಗೆ. ಏಕೆಂದರೆ, ಕೆಲವೇ ಪುಟಗಳ ಹಿಂದೆ, ನೀತಿಗೆಟ್ಟ ವ್ಯಾಪಾರಿಗಳು ಮದ್ಯವನ್ನು ಮಾರಿ ಈ ಜನರನ್ನು ದುರ್ಗತಿಗೆ ತಂದರೆಂದು ಇದೇ ಲೇಖನಿಯು ಒಪ್ಪಿಕೊಂಡಿತ್ತು. ಕಂಡ ಸತ್ಯವು ನಗೆ ಬೇಕಾದಾಗ ಎಲ್ಲಿ ಹೋಯಿತು?

ಈ ಪುಟವನ್ನು ಮಕ್ಕಳಿಗೆ ಹೇಳದಿರುವುದೇ ಲೇಸೆಂದು ಮಿತ್ರರೊಬ್ಬರ ಸಲಹೆ. ನಾವು ಹೇಳಿದೆವು. ಐದನೆಯ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಕಡಲ ಕರೆಯಿಂದ ಬರುವ ಹುಡುಗನೊಬ್ಬನು ಮಾತ್ರ ನಗದೆ, "ಅದು ಯಾರ ಕಡಲು, ಮಾಷ್ಟ್ರೇ?" ಎಂದು ಕೇಳಿದನು.

ಮರುದಿನದ ಪಾಠಕ್ಕಾಗಿ ನಾವು ಮತ್ತಷ್ಟು ಓದಬೇಕಾಯಿತು. ಸ್ಲೋಕಮ್ ಅಲ್ಲಿ ಸಾಗಿದ ದಶಕಗಳಲ್ಲಿಯೇ, ಟಿಯೆರಾ ಡೆಲ್ ಫ್ಯೂಗೋ ದ್ವೀಪದಲ್ಲಿ ಕುರಿಗಾವಲುಗಳ ಸಲುವಾಗಿ ಸೆಲ್ಕ್‌ನಮ್ ಜನರನ್ನು ಬೇಟೆಯಾಡಿ ಕೊಂದರು. ಅಲ್ಲಿಂದ ದಕ್ಷಿಣದಲ್ಲಿ ದೋಣಿಗಳಲ್ಲೇ ಬಾಳುತ್ತಿದ್ದ ಯಾಗನ್ ಜನರನ್ನು ಹೊರಗಿನವರು ತಂದ ರೋಗಗಳು ನುಂಗಿದುವು. ಯಾಗನ್ ನುಡಿಯನ್ನು ತಾಯ್ನುಡಿಯಾಗಿ ಆಡಬಲ್ಲವರಲ್ಲಿ ಕೊನೆಯವರಾದ ಕ್ರಿಸ್ಟಿನಾ ಕಾಲ್ಡೆರಾನ್ ಎಂಬ ವೃದ್ಧೆಯು ೨೦೨೨ರ ಫೆಬ್ರವರಿಯಲ್ಲಿ ತೀರಿಕೊಂಡರು. ಇದನ್ನು ಹೇಳಿ, ಮೊಳೆಗಳ ಪುಟವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆವು. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ. ಆದರೆ ಸ್ಪ್ರೇ ನೌಕೆಯು ಮುಂದೆ ಎಲ್ಲಿಗೆ ಹೋಯಿತೆಂದು ತಿಳಿಯುವ ಆತುರ ಎಲ್ಲರಿಗೂ ಮೊದಲಿನಷ್ಟೇ ಇದ್ದಿತು, ಆ ಹುಡುಗನಿಗೂ.